ಇಳಿಜಾರಿನ ಸೀಮೆಯಲ್ಲಿ ಮಂಡಿಯ ಪುನಶ್ಚೇತನ

ಮೂಡಿಗೆರೆಯಿಂದ ಚಾರ್ಮಾಡಿ ಘಾಟಿಯತ್ತ ಸಾಗುವ ಹೆದ್ದಾರಿಯಲ್ಲಿ, ಕೊಟ್ಟಿಗೆಹಾರಕ್ಕೆ ಮೊದಲೇ ದೊರೆಯುವ ಬಣಕಲ್ಲಿನ ಸುತ್ತುಮುತ್ತಲ ನೆಲವನ್ನು ಕಂಡವರಿಗೆ, ಮನುಷ್ಯದೇಹದ ಸಂಧಿಗಳಲ್ಲೆಲ್ಲ ಇಲ್ಲಿ ಮಂಡಿಯಷ್ಟು ದುಡಿಯುವ ಸಂಧಿ ಮತ್ತೊಂದಿಲ್ಲವೆಂಬುದನ್ನು ಬೇರೆಯಾಗಿ ವಿವರಿಸಬೇಕಾದದ್ದಿಲ್ಲ. ಮನೆಯಿಂದ ಕಣಕ್ಕೆ ಇಳಿಯಬೇಕು, ಕಣದಿಂದ ತೋಟಕ್ಕೆ ಇಳಿಯಬೇಕು, ತೋಟದ ತಳದ ಹಳ್ಳವನ್ನು ಕಾಲುಸಂಕದ ಮೇಲೆ ದಾಟಿ ಎದುರಿನ ದರೆಯನ್ನೇರಬೇಕು; ಸಂಜೆ ಅಷ್ಟೂ ದಾರಿಯನ್ನು ಮತ್ತೊಮ್ಮೆ ಸವೆಸಬೇಕು. ಇಂತಹ ಸೀಮೆಯಲ್ಲಿ ಬೇಸಗೆಯ ಪಂದ್ಯಾವಳಿಯೊಂದರಲ್ಲಿ ವಾಲಿಬಾಲಿಗೆಂದು ನೆಗೆದ ಯುವಕನೊಬ್ಬ ಒಂಟಿಕಾಲಿನ ಮೇಲೆ ನೆಲ ಮುಟ್ಟಿದಾಗ, ಕಬಡ್ಡಿಯ ಅಂಕಣದಲ್ಲಿ ಪಾದ ನೆಲವನ್ನು ಕಚ್ಚಿಕೊಂಡಿರುವಂತೆಯೇ ಮೈ ಮಾತ್ರ ಹೊರಳಿದಾಗ, ಅಥವಾ ಮಳೆಯಲ್ಲಿ ನೆನೆದ ತಿರುವಿನಲ್ಲಿ ಬೈಕು ಜಾರಿ ಕಾಲು ಅದರಡಿ ಸಿಕ್ಕಿಕೊಂಡಾಗ, ಮಂಡಿಯೊಳಗೆ ಏನೋ ಕಡಿದಂತೆ ಸದ್ದಾಗುತ್ತದೆ. ಕೆಲವೇ ಗಂಟೆಗಳಲ್ಲಿ ಮಂಡಿ ಊದಿಕೊಳ್ಳುತ್ತದೆ. ಕೆಲವು ವಾರಗಳಲ್ಲಿ ಊತ ಇಳಿದು, ವಾಸಿಯಾಯಿತೆಂದೇ ಭಾವಿಸಿ ತೋಟಕ್ಕೆ ಇಳಿದವನ ಮಂಡಿ ಇಳಿಜಾರಿನಲ್ಲಿ ಇದ್ದಕ್ಕಿದ್ದಂತೆ ಕುಸಿಯುತ್ತದೆ. ಮಂಗಳೂರಿಗೋ ಹಾಸನಕ್ಕೋ ಬೆಂಗಳೂರಿಗೋ ಹೋಗಿ ಎಂ.ಆರ್.ಐ. ತೆಗೆಸಿದಾಗ, ಎ.ಸಿ.ಎಲ್. ಎಂದು ವೈದ್ಯರು ಕರೆಯುವ, ತೊಡೆಯೆಲುಬನ್ನೂ ಕಣಕಾಲಿನ ಎಲುಬನ್ನೂ ಮಂಡಿಯ ನಡುವೆ ಓರೆಯಾಗಿ ಬಂಧಿಸಿರುವ ಮುಂಭಾಗದ ಲಿಗಮೆಂಟು ಹರಿದಿದೆಯೆಂಬುದು ತಿಳಿಯುತ್ತದೆ.

ಶಸ್ತ್ರಕ್ರಿಯೆ ಮುಗಿಸಿಕೊಂಡು, ತೊಡೆಯಿಂದ ಮೀನಖಂಡದವರೆಗೆ ಬ್ರೇಸ್ ಕಟ್ಟಿಸಿಕೊಂಡು ಊರಿಗೆ ಮರಳಿದವನ ಕೈಯಲ್ಲಿ ವ್ಯಾಯಾಮಗಳ ಚಿತ್ರಗಳುಳ್ಳ ಹಾಳೆಯೊಂದು ಇರುತ್ತದೆ. ಮೊಬೈಲಿನಲ್ಲಿ ಅದಕ್ಕಿಂತ ನೂರುಪಟ್ಟು ಹೆಚ್ಚಿನ ಚಿತ್ರಗಳು ಚಲಿಸುತ್ತಿರುತ್ತವೆ. ಅವನೂ ಅವನ ಮನೆಯವರೂ ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಯಾವ ಎಕ್ಸರ್‌ಸೈಜು ಒಳ್ಳೆಯದು, ಯಾವುದು ಕೆಟ್ಟದ್ದು? ಈ ಪ್ರಶ್ನೆಯನ್ನು ತುಸು ತಿದ್ದಿಕೊಳ್ಳಬೇಕೆಂಬುದೇ ಈ ಲೇಖನದ ಮುಖ್ಯ ವಿಜ್ಞಾಪನೆ. ವ್ಯಾಯಾಮದ ಹೆಸರಿನಲ್ಲಿ ಗುಣವೂ ಇಲ್ಲ, ದೋಷವೂ ಇಲ್ಲ. ಅದನ್ನು ಶಸ್ತ್ರಕ್ರಿಯೆಯಾದ ಎಷ್ಟನೆಯ ವಾರದಲ್ಲಿ, ಮಂಡಿಯನ್ನು ಎಷ್ಟು ಕೋನಕ್ಕೆ ಬಾಗಿಸಿ, ಯಾವ ಮಾಂಸಖಂಡವನ್ನು ಉದ್ದೇಶಿಸಿ ಮಾಡುತ್ತೇವೆಂಬುದರಲ್ಲಿ ಎರಡೂ ಇವೆ. ಅದಕ್ಕಿಂತಲೂ ಮಿಗಿಲಾಗಿ, ದಿನವಿಡೀ ಗುಡ್ಡ ಹತ್ತಿ ಇಳಿಯುವ ಜನರಿಗೆ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ: ತೋಟದ ದುಡಿಮೆ ಎಷ್ಟೇ ಕಠಿಣವಾಗಿದ್ದರೂ ಅದು ಈ ಮಂಡಿಗೆ ಬೇಕಾದ ವ್ಯಾಯಾಮದ ಸ್ಥಾನವನ್ನು ತುಂಬಲಾರದು. ಏತಕ್ಕೆಂಬುದನ್ನು ಮುಂದೆ ಹೇಳುತ್ತೇನೆ. ಮೊದಲು ಮಂಡಿಯೊಳಗೆ ವೈದ್ಯನು ಮಾಡಿದ್ದೇನೆಂಬುದು ತಿಳಿದಿರಬೇಕು.

ಹರಿದ ಎ.ಸಿ.ಎಲ್. ತುದಿಗಳು ಸರಿಯಾಗಿ ತಾವಾಗಿಯೇ ಕೂಡಿಕೊಳ್ಳುವುದು ವಿರಳವಾದ್ದರಿಂದ, ವೈದ್ಯನು ಅದರ ಸ್ಥಾನದಲ್ಲಿ ರೋಗಿಯ ಮೈಯ ಬೇರೆಡೆಯ ಸ್ನಾಯುರಜ್ಜುವೊಂದನ್ನು ತಂದಿಡುತ್ತಾನೆ. ತೊಡೆಯ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್ ರಜ್ಜುಗಳನ್ನು ತೆಗೆದು ಮಡಿಸಿ ಹೆಣೆದು ಉಪಯೋಗಿಸುವುದು ನಮ್ಮಲ್ಲಿ ಬಹಳವಾಗಿ ಬಳಕೆಯಲ್ಲಿದೆ. ಮಂಡಿಚಿಪ್ಪಿನ ಕೆಳಗಿನ ರಜ್ಜುವಿನ ನಡುಭಾಗವನ್ನು ಎರಡು ತುದಿಗಳ ಎಲುಬಿನ ಚೂರುಗಳ ಸಮೇತ ತೆಗೆಯುವುದುಂಟು. ತೊಡೆಯ ಮುಂಭಾಗದ ರಜ್ಜುವನ್ನು ತೆಗೆಯುವುದೂ ಉಂಟು. ಎಲುಬುಗಳಲ್ಲಿ ಸುರಂಗ ಕೊರೆದು, ಈ ಕಸಿತಂತುವನ್ನು ತೂರಿಸಿ, ತಿರುಪುಮೊಳೆಯಿಂದಲೋ ಗುಂಡಿಯಿಂದಲೋ ಬಿಗಿಯುತ್ತಾರೆ. ಹಾಗೆ ಬಿಗಿದ ದಿವಸ ಆ ತಂತು ಬಲಿಷ್ಠವಾಗಿಯೇ ಇರುತ್ತದೆ. ಆದರೆ ಅದಕ್ಕೆ ಸ್ವಂತ ರಕ್ತನಾಳಗಳಿಲ್ಲ. ಇದ್ದ ಜೀವಕೋಶಗಳು ಮೊದಲ ವಾರಗಳಲ್ಲಿ ನಶಿಸುತ್ತವೆ. ಅನಂತರ ಸುತ್ತಲಿನಿಂದ ಹೊಸ ರಕ್ತನಾಳಗಳೂ ಹೊಸ ಕೋಶಗಳೂ ಒಳಹೊಕ್ಕು, ಹಳೆಯ ನಾರುಗಳನ್ನು ಕಳಚಿ ಹೊಸ ನಾರುಗಳನ್ನು ನೇಯತೊಡಗುತ್ತವೆ. ಈ ಕಳಚುವಿಕೆಗೂ ನೇಯುವಿಕೆಗೂ ನಡುವಣ ಕಾಲದಲ್ಲಿ ತಂತು ತನ್ನ ಅತ್ಯಂತ ದುರ್ಬಲಾವಸ್ಥೆಯಲ್ಲಿರುತ್ತದೆ. ಪ್ರಾಣಿಗಳ ಮೇಲೆ ನಡೆಸಿದ ಪರೀಕ್ಷೆಗಳಲ್ಲಿ ಈ ಅವಸ್ಥೆ 6ರಿಂದ 8ನೆಯ ವಾರದ ಆಸುಪಾಸಿನಲ್ಲಿ ಕಂಡುಬಂದಿದೆ. ಮನುಷ್ಯರಲ್ಲಿ ಈ ರೂಪಾಂತರ ಇನ್ನೂ ನಿಧಾನವಾಗಿ ನಡೆಯುತ್ತದೆ, ಪೂರ್ಣಗೊಳ್ಳಲು ಒಂದು ವರ್ಷಕ್ಕೂ ಹೆಚ್ಚು ಹಿಡಿಯುತ್ತದೆ.

ಜೂನ್ ತಿಂಗಳಲ್ಲಿ ಚೀಲದ ಮಣ್ಣಿನ ಸಮೇತ ಗುಂಡಿಯಲ್ಲಿಟ್ಟ ಕಾಫಿ ಸಸಿಯನ್ನು ನೆಟ್ಟವರೆಲ್ಲ ನೋಡಿರುತ್ತಾರೆ: ಚೀಲದ ಮಣ್ಣಿನ ಸಾರವಿರುವಷ್ಟು ದಿನ ಎಲೆಗಳು ಹಸುರಾಗಿಯೇ ಇರುತ್ತವೆ, ಬೇರು ಮಾತ್ರ ಇನ್ನೂ ಗುಡ್ಡದ ಮಣ್ಣಿಗೆ ಇಳಿದಿರುವುದಿಲ್ಲ, ಹಸುರನ್ನು ಕಂಡು ಗೂಟ ಬಿಚ್ಚಿದವನ ಗಿಡ ಮೊದಲ ಗಾಳಿಗೇ ಅಲುಗುತ್ತದೆ. ಕಸಿತಂತುವಿನ ಕಥೆಯೂ ಇದೇ. ಎಂಟನೆಯ ವಾರದ ಹೊತ್ತಿಗೆ ನೋವು ಬಹುಮಟ್ಟಿಗೆ ಹೋಗಿರುತ್ತದೆ, ಊತ ಇಳಿದಿರುತ್ತದೆ, ಊರುಗೋಲು ಮೂಲೆ ಸೇರಿರುತ್ತದೆ. ರೋಗಿಗೆ ತಾನು ಗುಣಮುಖನಾದೆನೆಂಬ ಭಾವನೆ ಬರುವುದೂ, ಒಳಗಿನ ತಂತು ಬಲ ಕುಂದಿರುವುದೂ ಒಂದೇ ಕಾಲದಲ್ಲಿ. ಮೇ ತಿಂಗಳ ಆಟದಲ್ಲಿ ಪೆಟ್ಟು ಮಾಡಿಕೊಂಡು ಜೂನ್ ಮೊದಲಲ್ಲಿ ಶಸ್ತ್ರಕ್ರಿಯೆಗೆ ಒಳಗಾದವನೆಂದು ಎಣಿಸಿದರೆ, ಈ ದುರ್ಬಲಕಾಲ ಜುಲೈ ಕೊನೆ ಮತ್ತು ಆಗಸ್ಟ್ ತಿಂಗಳಿಗೆ ಬರುತ್ತದೆ. ಅಂದರೆ ಬಣಕಲ್ಲಿನಲ್ಲಿ ಮೆಟ್ಟಿಲುಗಳ ಮೇಲೆ ಪಾಚಿ ಕಟ್ಟಿ, ತೋಟದ ದಾರಿಯೆಲ್ಲ ಜಾರುಬಂಡೆಯಾಗುವ ತಿಂಗಳುಗಳಿಗೇ ಬರುತ್ತದೆ. ಪಟ್ಟಣದ ರೋಗಿಗಾಗಿ ಬರೆದ ವ್ಯಾಯಾಮದ ಹಾಳೆಯಲ್ಲಿ ಈ ಸಂಗತಿಯ ಉಲ್ಲೇಖ ಇರುವುದಿಲ್ಲ.

ಎ.ಸಿ.ಎಲ್. ಸೇರಿದಂತೆ ಮಂಡಿಯೊಳಗೆ ಒಂದಕ್ಕೊಂದು ಅಡ್ಡಹಾಯುವ ಲಿಗಮೆಂಟುಗಳಿಗೆ, ಅಂದರೆ ಅಡ್ಡತಂತುಗಳಿಗೆ, ಎರಡನೆಯ ಶತಮಾನದಲ್ಲಿಯೇ ಗ್ಯಾಲೆನ್ ಹೆಸರಿಟ್ಟಿದ್ದನಾದರೂ, ಅವನ್ನು ದುರಸ್ತಿ ಮಾಡುವ ಧೈರ್ಯ ಬರಲು ಹದಿನೇಳು ಶತಮಾನಗಳು ಬೇಕಾದವು. 1895ರಲ್ಲಿ ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ ಮೇಯೊ ರಾಬ್ಸನ್ ಎಂಬ ವೈದ್ಯನು ಗಣಿಕಾರ್ಮಿಕನೊಬ್ಬನ ಹರಿದ ಅಡ್ಡತಂತುಗಳನ್ನು ಹೊಲಿದನು; ಆ ಕಾರ್ಮಿಕನು ಮತ್ತೆ ಗಣಿಗಿಳಿದು ದುಡಿದನೆಂದು ವರದಿಯಾಗಿದೆ. ಈ ಚಿಕಿತ್ಸೆಯ ಚರಿತ್ರೆ ಆಟಗಾರನಿಂದಲ್ಲ, ಕೂಲಿಕಾರನಿಂದ ಆರಂಭವಾಯಿತೆಂಬುದು ನನಗೆ ಗಮನಾರ್ಹವಾಗಿ ತೋರುತ್ತದೆ. 1917ರಲ್ಲಿ ಬ್ರಿಸ್ಟಲ್ಲಿನ ಹೇ ಗ್ರೋವ್ಸ್ ತೊಡೆಯ ಹೊರಭಾಗದ ಪಟ್ಟಿಯೊಂದನ್ನು ತೆಗೆದು ಹೊಸ ತಂತುವನ್ನೇ ನಿರ್ಮಿಸಿದನು. ಆದರೆ ಶಸ್ತ್ರಕ್ರಿಯೆ ಎಷ್ಟು ಮುಂದುವರಿದರೂ, ಆಮೇಲಿನ ಆರೈಕೆ ಬಹುಕಾಲ ಪ್ಲಾಸ್ಟರಿನಲ್ಲಿಯೇ ಉಳಿಯಿತು; ವಾರಗಟ್ಟಲೆ ಕಾಲನ್ನು ಬಂಧಿಸಿಟ್ಟು, ಬಿಚ್ಚಿದಾಗ ತೊಡೆ ಕಡ್ಡಿಯಾಗಿಯೂ ಮಂಡಿ ಮರದ ತುಂಡಾಗಿಯೂ ಇರುವುದೇ ಸಹಜವೆಂದು ಎಲ್ಲರೂ ಒಪ್ಪಿಕೊಂಡಿದ್ದರು. ಅಮೆರಿಕದ ಇಂಡಿಯಾನಾಪೊಲಿಸ್ಸಿನ ಡೊನಾಲ್ಡ್ ಶೆಲ್ಬೋರ್ನ್, ತನ್ನ ಕಟ್ಟುಪಾಡುಗಳನ್ನು ಮೀರಿ ಬೇಗನೆ ನಡೆದಾಡಿದ ರೋಗಿಗಳೇ ವಿಧೇಯರಾದ ರೋಗಿಗಳಿಗಿಂತ ಚೆನ್ನಾಗಿ ಚೇತರಿಸಿಕೊಂಡದ್ದನ್ನು ಗಮನಿಸಿ, ಅದನ್ನು ಮರೆಮಾಚದೆ, ಅವರಿಂದ ಕಲಿತು, ಶೀಘ್ರ ಚಾಲನೆಯ ಹೊಸ ಕ್ರಮವನ್ನು 1990ರಲ್ಲಿ ಪ್ರಕಟಿಸಿದನು. ಇಂದು ನಾವು ಅನುಸರಿಸುತ್ತಿರುವುದು ಬಹುಪಾಲು ಆ ಕ್ರಮದ ಸಂತತಿಯನ್ನೇ.

ಮೊದಲ ಎರಡು ವಾರಗಳ ವ್ಯಾಯಾಮವನ್ನು ನೋಡಿದವರಿಗೆ ಅದು ವ್ಯಾಯಾಮವೆನ್ನಿಸುವುದೇ ಕಷ್ಟ. ಆ ಅವಧಿಯ ಪರಮೋದ್ದೇಶ ಮಂಡಿಯನ್ನು ಬಾಗಿಸುವುದಲ್ಲ, ಪೂರ್ಣವಾಗಿ ನೀಟಾಗಿಸುವುದು. ನೋವಿರುವ ಮಂಡಿಗೆ ತುಸು ಬಾಗಿರುವುದೇ ಹಿತ, ಮನೆಯವರು ಕನಿಕರದಿಂದ ಮಂಡಿಯಡಿಯಲ್ಲಿ ದಿಂಬನ್ನಿಡುತ್ತಾರೆ, ರೋಗಿಗೆ ಹಾಯೆನಿಸುತ್ತದೆ, ಆ ದಿಂಬು ನಿಜವಾಗಿ ಮಾಡುವುದು ಅಪಕಾರವನ್ನು. ಬಾಗಿದ ಸ್ಥಿತಿಯಲ್ಲಿಯೇ ಒಳಗಿನ ಗಾಯ ಮಾಗಿ ಗಟ್ಟಿಯಾದರೆ, ಕೊನೆಯ ನಾಲ್ಕೈದು ಡಿಗ್ರಿಗಳ ನೀಟುತನ ಶಾಶ್ವತವಾಗಿ ಕೈತಪ್ಪಬಹುದು, ಆಮೇಲೆ ಜೀವಮಾನವಿಡೀ ಕುಂಟುನಡಿಗೆ. ಆದುದರಿಂದ ದಿಂಬನ್ನು ಮಂಡಿಯಡಿಯಿಂದ ತೆಗೆದು, ಸುತ್ತಿದ ಟವೆಲನ್ನು ಹಿಮ್ಮಡಿಯಡಿಯಲ್ಲಿ ಇಟ್ಟು, ಮಂಡಿಯು ತನ್ನ ಭಾರದಿಂದಲೇ ಕೆಳಕ್ಕೆ ಇಳಿಯುವಂತೆ ದಿನಕ್ಕೆ ಹಲವು ಸಲ ಹತ್ತು ನಿಮಿಷಗಳ ಕಾಲ ಕಾಲನ್ನು ಚಾಚಿಡಬೇಕು.

ಇದರ ಜೊತೆಗೇ ನಡೆಯಬೇಕಾದದ್ದು ತೊಡೆಯ ಮುಂಭಾಗದ ಕ್ವಾಡ್ರಿಸೆಪ್ಸ್ ಮಾಂಸಖಂಡವನ್ನು ಎಚ್ಚರಿಸುವ ಕಾರ್ಯ. ಚಾಪೆಯ ಮೇಲೆ ಕಾಲು ಚಾಚಿ ಕುಳಿತು, ಮಂಡಿಯ ಹಿಂಬದಿಯನ್ನು ನೆಲಕ್ಕೆ ಒತ್ತುವಂತೆ ತೊಡೆಯನ್ನು ಬಿಗಿಯಬೇಕು. ಹೆಬ್ಬೆರಳು ತೋರುಬೆರಳುಗಳ ನಡುವೆ ಮಂಡಿಚಿಪ್ಪನ್ನು ಹಗುರಾಗಿ ಹಿಡಿದರೆ, ಒಳ್ಳೆಯ ಕಾಲಿನಲ್ಲಿ ಚಿಪ್ಪು ತೊಡೆಯ ಕಡೆಗೆ ಸರಕ್ಕನೆ ಮೇಲೇರುವುದೂ, ಅದರ ಒಳಪಕ್ಕದಲ್ಲಿ ಮಾಂಸ ಉಬ್ಬಿ ಗಟ್ಟಿಯಾಗುವುದೂ ಬೆರಳಿಗೆ ತಿಳಿಯುತ್ತದೆ. ಶಸ್ತ್ರಕ್ರಿಯೆಯಾದ ಕಾಲಿನಲ್ಲಿ ಎಷ್ಟು ಪ್ರಯತ್ನಿಸಿದರೂ ಚಿಪ್ಪು ಅಲುಗದೆ, ಬದಲಿಗೆ ಪೃಷ್ಠವೂ ಹೊಟ್ಟೆಯೂ ಬಿಗಿದುಕೊಳ್ಳುತ್ತವೆ. ಇದು ಸೋಮಾರಿತನವಲ್ಲ, ನೋವಿನ ಭಯ ಮಾತ್ರವೂ ಅಲ್ಲ. ಸಂಧಿಯೊಳಗೆ ದ್ರವ ತುಂಬಿದಾಗ ಅಲ್ಲಿಯ ನರಗಳು ಬೆನ್ನುಹುರಿಗೆ ಕಳುಹುವ ಸಂದೇಶದಿಂದಾಗಿ ಆ ಮಾಂಸಖಂಡಕ್ಕೆ ಆಜ್ಞೆಯೇ ಪೂರ್ತಿ ತಲುಪದಂತಾಗುತ್ತದೆ. ಆರೋಗ್ಯವಂತರ ಮಂಡಿಯೊಳಕ್ಕೆ 20ರಿಂದ 30 ಮಿಲಿಲೀಟರಿನಷ್ಟು ಲವಣದ್ರಾವಣವನ್ನು ತುಂಬಿದರೆ ಸಾಕು, ಮಂಡಿಯ ಒಳಪಕ್ಕದ ಆ ಮಾಂಸಖಂಡ ಮಂಕಾಗುತ್ತದೆಂಬುದನ್ನು 1984ರಲ್ಲಿಯೇ ಪರೀಕ್ಷಿಸಿ ತೋರಿಸಿದ್ದಾರೆ. ಆದುದರಿಂದ ಊತವನ್ನು ಇಳಿಸುವುದೂ ಒಂದು ಬಗೆಯ ವ್ಯಾಯಾಮವೇ: ಕಾಲನ್ನು ಎತ್ತರದಲ್ಲಿಡುವುದು, ಮಂಜುಗಡ್ಡೆಯಿಡುವುದು, ಊದುವಷ್ಟು ಓಡಾಡದಿರುವುದು. ತೊಡೆ ಬಿಗಿಯಲು ಬಂದು, ಮಂಡಿ ಸ್ವಲ್ಪವೂ ಬಾಗದಂತೆ ನೀಟಾದ ಕಾಲನ್ನು ನೆಲದಿಂದ ಎತ್ತಲು ಬರುವವರೆಗೆ ಮುಂದಿನ ಅಧ್ಯಾಯಕ್ಕೆ ಹೋಗುವಂತಿಲ್ಲ.

ಇನ್ನು ವಿದ್ವಾಂಸರನ್ನೇ ಬಹುಕಾಲ ಎರಡು ಪಕ್ಷಗಳಾಗಿ ಒಡೆದ ವಿವಾದಕ್ಕೆ ಬರೋಣ. ವ್ಯಾಯಾಮಗಳಲ್ಲಿ ಪಾದವನ್ನು ನೆಲಕ್ಕೆ ಊರಿ ಮಾಡುವಂಥವು ಒಂದು ಜಾತಿ: ಬಸ್ಕಿ, ಮೆಟ್ಟಿಲೇರುವುದು, ಗೋಡೆಗೊರಗಿ ಅರ್ಧ ಕುಳಿತುಕೊಳ್ಳುವುದು. ಪಾದ ಗಾಳಿಯಲ್ಲಿ ತೂಗುತ್ತಿರುವಂತೆ ಮಾಡುವಂಥವು ಇನ್ನೊಂದು ಜಾತಿ: ಎತ್ತರದ ಬೆಂಚಿನ ಮೇಲೆ ಕುಳಿತು, ಹರಡಿಗೆ ಭಾರ ಕಟ್ಟಿ, ಕಾಲನ್ನು ಮುಂದಕ್ಕೆ ನೀಟಾಗಿಸುವುದು ಇದರ ಪ್ರತಿನಿಧಿ. ಎರಡನೆಯದರಲ್ಲಿ ತೊಡೆಯ ಮಾಂಸಖಂಡ ಕಣಕಾಲಿನ ಎಲುಬನ್ನು ಮುಂದಕ್ಕೆಳೆದು ಹೊಸ ತಂತುವನ್ನು ಜಗ್ಗುತ್ತದೆಂಬ ಭಯದಿಂದ ಅದನ್ನು ಬಹಿಷ್ಕರಿಸಿ, ಮೊದಲನೆಯದನ್ನು ಮಾತ್ರ ಉಪದೇಶಿಸುವ ಕಾಲವೊಂದಿತ್ತು. ಇಂದಿಗೂ ಕೆಲವರು ಅದೇ ಮಾತನ್ನು ಹೇಳುತ್ತಾರೆ. ಅಮೆರಿಕದ ವರ್ಮಾಂಟ್ ವಿಶ್ವವಿದ್ಯಾನಿಲಯದಲ್ಲಿ ಬ್ರೂಸ್ ಬೆಯ್ನನ್ ಮತ್ತು ಸಂಗಡಿಗರು 1990ರ ದಶಕದಲ್ಲಿ ಊಹೆಯನ್ನು ಬಿಟ್ಟು ಅಳತೆಗೆ ಕೈಹಾಕಿದರು. ಮಂಡಿಯ ಬೇರಾವುದೋ ಚಿಕ್ಕ ಚಿಕಿತ್ಸೆಗೆ ಬಂದಿದ್ದ, ಎ.ಸಿ.ಎಲ್. ಸರಿಯಾಗಿಯೇ ಇದ್ದ ಜನರ ಸಮ್ಮತಿ ಪಡೆದು, ಆ ತಂತುವಿನ ಮೇಲೆ ಸೂಕ್ಷ್ಮವಾದ ಅಳತೆಯ ಸಾಧನವೊಂದನ್ನು ಕೂರಿಸಿ, ಅವರಿಂದಲೇ ವ್ಯಾಯಾಮಗಳನ್ನು ಮಾಡಿಸಿ, ತಂತು ಎಷ್ಟು ಹಿಗ್ಗುತ್ತದೆಂದು ಬರೆದುಕೊಂಡರು. ಹರಡಿಗೆ ಸುಮಾರು 4.5 ಕಿಲೋಗ್ರಾಂ ಭಾರ ಕಟ್ಟಿ ಕಾಲು ನೀಟಾಗಿಸಿದಾಗ ಹಿಗ್ಗು ಸುಮಾರು ಶೇ. 3.8; ನಿರಪಾಯವೆಂದು ಹೊಗಳಿಸಿಕೊಂಡಿದ್ದ ಬಸ್ಕಿಯಲ್ಲಿ ಸುಮಾರು ಶೇ. 3.6. ಎರಡರ ಅಂತರ ನಗಣ್ಯ. ಮೆಟ್ಟಿಲೇರುವಾಗ ಶೇ. 2.7, ನಿಂತ ಸೈಕಲ್ಲನ್ನು ತುಳಿಯುವಾಗ ಶೇ. 1.7. ಮಂಡಿಯನ್ನು 60 ಅಥವಾ 90 ಡಿಗ್ರಿಗೆ ಬಾಗಿಸಿಟ್ಟು ತೊಡೆಯನ್ನು ಬಲವಾಗಿ ಬಿಗಿದಾಗಲೋ, ತಂತುವಿಗೆ ಏನೂ ಎಳೆತವಿಲ್ಲ. ಅದೇ ಬಿಗಿತವನ್ನು 15 ಡಿಗ್ರಿಯಲ್ಲಿ ಮಾಡಿದರೆ ಎಲ್ಲಕ್ಕಿಂತ ಹೆಚ್ಚಾಗಿ, ಶೇ. 4.4.

ಈ ಅಂಕಿಗಳನ್ನು ಮನಸ್ಸಿಗೆ ತಂದುಕೊಂಡವನಿಗೆ ವ್ಯಾಯಾಮದ ಜಾತಿಗಿಂತ ಕೋನ ಮುಖ್ಯವೆಂಬುದು ಸ್ಪಷ್ಟವಾಗುತ್ತದೆ. ಮಂಡಿ ಬಾಗಿರುವಾಗ ತೊಡೆಗೆ ಕೆಲಸ ಕೊಡಬಹುದು. ನೀಟಾಗುವ ಕೊನೆಯ 30 ಡಿಗ್ರಿಗಳಲ್ಲಿ ಭಾರ ಹೇರುವುದು ಮಾತ್ರ ಕಾಲ ಪಕ್ವವಾಗುವವರೆಗೆ ಸಲ್ಲದು. ಇಂದಿನ ಮಾರ್ಗದರ್ಶಿಗಳು ಹೇಳುವುದೂ ಇದನ್ನೇ: ಬೆಂಚಿನ ಮೇಲೆ ಕುಳಿತು ಕಾಲೆತ್ತುವ ವ್ಯಾಯಾಮವನ್ನು 4ನೆಯ ವಾರದಿಂದ, 90ರಿಂದ 45 ಡಿಗ್ರಿಯ ನಡುವೆ ಮಾತ್ರ ಆರಂಭಿಸಿ, ವಾರ ವಾರಕ್ಕೂ ಸ್ವಲ್ಪ ಸ್ವಲ್ಪವಾಗಿ ವ್ಯಾಪ್ತಿಯನ್ನು ಹೆಚ್ಚಿಸುತ್ತ 8ನೆಯ ವಾರದ ಹೊತ್ತಿಗೆ ಪೂರ್ತಿ ನೀಟಾಗಿಸಬಹುದು. ಮಂಡಿಚಿಪ್ಪಿನ ರಜ್ಜುವಿನಿಂದ ಕಸಿ ಮಾಡಿದವರು ಇದಕ್ಕೆ ಭಾರ ಸೇರಿಸಿಕೊಳ್ಳಬಹುದು. ಹ್ಯಾಮ್‌ಸ್ಟ್ರಿಂಗ್ ಕಸಿಯವರು 12 ವಾರಗಳವರೆಗೆ ಭಾರ ಕಟ್ಟಬಾರದು. ಹ್ಯಾಮ್‌ಸ್ಟ್ರಿಂಗ್ ತೆಗೆಸಿಕೊಂಡವರು ಹಿಮ್ಮಡಿಯನ್ನು ಪೃಷ್ಠದ ಕಡೆಗೆ ಬಲವಾಗಿ ಸೆಳೆಯುವ ವ್ಯಾಯಾಮವನ್ನೂ ಮೊದಲ ವಾರಗಳಲ್ಲಿ ತಡೆಹಿಡಿಯತಕ್ಕದ್ದು. ಅಲ್ಲಿಂದಲೇ ರಜ್ಜು ತೆಗೆದಿರುವುದರಿಂದ ಅಲ್ಲಿಯೂ ಒಂದು ಗಾಯ ಮಾಯುತ್ತಿರುತ್ತದೆ. ಆದುದರಿಂದ ಪಕ್ಕದ ಊರಿನ ಗೆಳೆಯನಿಗೆ ಒಗ್ಗಿದ ಹಾಳೆ ತನಗೂ ಒಗ್ಗುತ್ತದೆಂದು ತಿಳಿಯಬಾರದು. ಮಂಡಿಯೊಳಗಿನ ಅರ್ಧಚಂದ್ರಾಕೃತಿಯ ಮೆನಿಸ್ಕಸ್ಸಿಗೂ ಹೊಲಿಗೆ ಬಿದ್ದಿದ್ದರಂತೂ ಕುಕ್ಕರಗಾಲಿನಲ್ಲಿ ಕೂರುವುದೂ ಆಳವಾದ ಬಸ್ಕಿಯೂ ತಿಂಗಳುಗಟ್ಟಲೆ ನಿಷಿದ್ಧ. ಎಷ್ಟು ತಿಂಗಳೆಂಬುದನ್ನು ಹೊಲಿಗೆ ಹಾಕಿದ ವೈದ್ಯನೇ ಹೇಳಬೇಕು. ನೆಲದ ಮೇಲೆ ಕುಳಿತು ಉಣ್ಣುವ, ಬಟ್ಟೆ ಒಗೆಯುವ, ಹಳೆಯ ಮಾದರಿಯ ಪಾಯಿಖಾನೆಯುಳ್ಳ ಮನೆಗಳಲ್ಲಿ ಈ ಒಂದು ನಿಷೇಧವನ್ನು ಪಾಲಿಸುವುದಕ್ಕೆ ವ್ಯಾಯಾಮಕ್ಕಿಂತ ಹೆಚ್ಚಿನ ಏರ್ಪಾಡು ಬೇಕಾಗುತ್ತದೆ. ಶಸ್ತ್ರಕ್ರಿಯೆಗೆ ಮೊದಲೇ ಕಮೋಡ್ ಕುರ್ಚಿಯೊಂದನ್ನು ತಂದಿಟ್ಟುಕೊಳ್ಳುವುದು ವಿವೇಕ.

ಈಗ ದುಡಿಮೆಯ ಮಾತು. "ದಿನಾ ತೋಟ ಸುತ್ತೋದೇ ಎಕ್ಸರ್‌ಸೈಜ್ ಅಲ್ವೇನಣ್ಣಾ, ಮತ್ತೆ ಬೇರೆ ಯಾಕೆ?" ಎಂಬ ಪ್ರಶ್ನೆಯನ್ನು ಈ ಸೀಮೆಯಲ್ಲಿ ಯಾರಾದರೂ ಕೇಳಬಹುದು, ಮತ್ತು ಕೇಳುವವರ ಪ್ರಾಮಾಣಿಕತೆಯಲ್ಲಿ ಸಂದೇಹವಿಲ್ಲ. ಆದರೆ ದೇಹವೆಂಬುದು ಕೆಲಸವನ್ನು ಮುಗಿಸುವುದರಲ್ಲಿ ಅತಿ ಚತುರ. ಕುಗ್ಗಿರುವ ಮಾಂಸಖಂಡವನ್ನು ಬಿಟ್ಟು ಮಿಕ್ಕವುಗಳಿಂದ ಕೆಲಸ ಸಾಗಿಸುವ ನೂರು ಉಪಾಯಗಳು ಅದಕ್ಕೆ ತಿಳಿದಿವೆ. ಎರಡೂ ಕಾಲುಗಳ ಮೇಲೆ ಬಸ್ಕಿ ಹೊಡೆಯುವಾಗ ಶಸ್ತ್ರಕ್ರಿಯೆಯಾದವನು ತನಗೇ ಅರಿವಿಲ್ಲದೆ ಒಳ್ಳೆಯ ಕಾಲಿನ ಮೇಲೆ ಹೆಚ್ಚು ಭಾರ ಹಾಕುತ್ತಾನೆ. ಮುಂದಕ್ಕೆ ಬಾಗಿ ಮಂಡಿಯ ಕೆಲಸವನ್ನು ಸೊಂಟಕ್ಕೆ ವಹಿಸುತ್ತಾನೆ. ದರೆಯೇರುವಾಗ ಒಳ್ಳೆಯ ಕಾಲನ್ನು ಮುಂದಿಟ್ಟು ಇನ್ನೊಂದನ್ನು ಹಿಂದಿನಿಂದ ಎಳೆದುಕೊಳ್ಳುತ್ತಾನೆ. ಇಳಿಯುವಾಗ ಗಿಡದ ರೆಕ್ಕೆಯನ್ನು ಹಿಡಿದು, ಅಡ್ಡಡ್ಡಲಾಗಿ ಹೆಜ್ಜೆಯಿಟ್ಟು, ಕೆಟ್ಟ ಮಂಡಿಯನ್ನು ಬಾಗಿಸದೆಯೇ ದಾಟಿಬಿಡುತ್ತಾನೆ. ಸಂಜೆ ಮೈಯೆಲ್ಲ ದಣಿದಿರುತ್ತದೆ, ಬೆವರು ಹರಿದಿರುತ್ತದೆ, ಆದರೆ ಆ ಒಂದು ತೊಡೆ ಮಾತ್ರ ದಿನವಿಡೀ ರಜೆಯಲ್ಲಿಯೇ ಇದ್ದಿರುತ್ತದೆ. ಆರು ತಿಂಗಳಾದ ಮೇಲೂ ಟೇಪು ಹಿಡಿದು ಅಳೆದರೆ ಎರಡು ತೊಡೆಗಳ ಸುತ್ತಳತೆಯಲ್ಲಿ ವ್ಯತ್ಯಾಸ ಕಾಣುವುದು ಈ ಕಾರಣದಿಂದ. ಆ ತೊಡೆಯೊಂದನ್ನೇ ಬೇರ್ಪಡಿಸಿ, ಅದು ತಪ್ಪಿಸಿಕೊಳ್ಳಲಾಗದಂತೆ, ಅದಕ್ಕೇ ಭಾರ ಕೊಟ್ಟು ದಣಿಸುವ ವ್ಯಾಯಾಮ ಬೇಕೇ ಬೇಕು; ಬೆಂಚಿನ ಮೇಲೆ ಕುಳಿತು ಒಂಟಿಕಾಲೆತ್ತುವ, ಒಮ್ಮೆ ಬಹಿಷ್ಕೃತವಾಗಿದ್ದ ಆ ವ್ಯಾಯಾಮ ಇಷ್ಟೊಂದು ಬೆಲೆಬಾಳುವುದು ಇದಕ್ಕಾಗಿಯೇ. ವಾರಕ್ಕೆ ಮೂರು ದಿವಸ, ಎಂಟು ಹತ್ತು ಸಲಕ್ಕೆ ತೊಡೆ ನಿಜವಾಗಿ ಸೋಲುವಷ್ಟು ಭಾರದಲ್ಲಿ, ಮೂರು ನಾಲ್ಕು ಸರದಿ. ಇದು ದಿನವಿಡೀ ಇಪ್ಪತ್ತು ಎಕರೆ ಸುತ್ತಿದ್ದಕ್ಕಿಂತ ಆ ತೊಡೆಗೆ ಹೆಚ್ಚು ಫಲ ಕೊಡುತ್ತದೆ.

ಇದಕ್ಕೆ ಜಿಮ್ಮು ಇರಲೇಬೇಕೆಂದಿಲ್ಲ. ಹರಡಿಗೆ ಕಟ್ಟಲು ಹೊಲಿದ ಬಟ್ಟೆಯ ಚೀಲದಲ್ಲಿ ತೂಗಿ ತುಂಬಿದ ಮರಳು, ಕಂಬಕ್ಕೆ ಕಟ್ಟಿ ಎಳೆಯಲು ಸೈಕಲ್ಲಿನ ಹಳೆಯ ಟ್ಯೂಬು, ಏರಿಳಿಯಲು ಜಗಲಿಯ ಮೆಟ್ಟಿಲು, ಇಷ್ಟರಿಂದ ಮೊದಲ ತಿಂಗಳುಗಳ ಬಹುಪಾಲು ವ್ಯಾಯಾಮ ನಡೆಯುತ್ತದೆ. ಮಂಡಿ ಸುಮಾರು 110 ಡಿಗ್ರಿ ಬಾಗಲು ಬಂದ ಮೇಲೆ, ಹಿಂದಿನ ಚಕ್ರ ನೆಲ ಬಿಡುವಂತೆ ಸ್ಟ್ಯಾಂಡ್ ಹಾಕಿ ಭದ್ರವಾಗಿ ನಿಲ್ಲಿಸಿದ ಹಳೆಯ ಸೈಕಲ್ಲನ್ನು ಮಳೆಗಾಲದ ಜಗಲಿಯಲ್ಲಿಯೇ ತುಳಿಯಬಹುದು. ತಂತುವಿಗೆ ಅತ್ಯಲ್ಪ ಎಳೆತ ಕೊಟ್ಟು ಮಂಡಿಯನ್ನು ಸಡಿಲಗೊಳಿಸುವ ವ್ಯಾಯಾಮ ಅದು. ಅದೇ ಸೈಕಲ್ಲನ್ನು ಬಣಕಲ್ಲಿನ ಏರುಪೇರಿನ ರಸ್ತೆಗಿಳಿಸುವುದು ತಿಂಗಳುಗಳ ನಂತರದ ಮಾತು. ಫಿಜಿಯೋಥೆರಪಿಸ್ಟರನ್ನು ಕಾಣುವುದಕ್ಕೆ ಮಾತ್ರ ಬದಲಿಯಿಲ್ಲ. 2019ರ ಆಗಸ್ಟಿನ ಭೂಕುಸಿತಗಳಲ್ಲಿ ಚಾರ್ಮಾಡಿಯ ದಾರಿಯೇ ಮುಚ್ಚಿಹೋದದ್ದನ್ನು ಕಂಡ ಈ ಭಾಗದ ಜನರಿಗೆ, ಮಳೆಗಾಲದಲ್ಲಿ ವಾರ ವಾರವೂ ಘಟ್ಟ ಇಳಿದು ಮಂಗಳೂರಿಗೆ ಹೋಗಿಬನ್ನಿರೆಂದು ಹೇಳುವುದು ಸುಲಭದ ಮಾತಲ್ಲ; ಆದರೆ ಎರಡು ಮೂರು ವಾರಕ್ಕೊಮ್ಮೆಯಾದರೂ ಹತ್ತಿರದಲ್ಲಿ ದೊರೆಯುವ ಫಿಜಿಯೋ ಒಬ್ಬರ ಮುಂದೆ ನಿಂತು, ತಾನು ಮಾಡುತ್ತಿರುವುದನ್ನು ಮಾಡಿ ತೋರಿಸಿ ತಿದ್ದಿಸಿಕೊಳ್ಳಬೇಕು. ಮೀನಖಂಡದಲ್ಲಿ ಹೊಸದಾಗಿ ನೋವು, ಬಾವು ಕಂಡರೆ ಅಥವಾ ಜ್ವರದೊಡನೆ ಮಂಡಿ ಕೆಂಪೇರಿದರೆ ಫೋನಿನಲ್ಲಿ ಕೇಳುತ್ತ ಕೂರದೆ ಅಂದೇ ಆಸ್ಪತ್ರೆಗೆ ಹೋಗಬೇಕು.

ಗುಡ್ಡದ ನಾಡಿನ ರೋಗಿಗೆ ನಡಿಗೆಯ ಕ್ರಮವನ್ನೂ ಬರೆದುಕೊಡಬೇಕೆಂದು ನನ್ನ ಅಭಿಪ್ರಾಯ. ಏರುವುದು ಕಷ್ಟ, ಇಳಿಯುವುದು ಸುಲಭ ಎಂಬುದು ಉಸಿರಿನ ಲೆಕ್ಕ. ಮಂಡಿಯ ಲೆಕ್ಕ ಇದಕ್ಕೆ ವಿರುದ್ಧವಾಗಿದೆ. ಇಳಿಯುವಾಗ ಮೈಯ ಭಾರವೆಲ್ಲ ಬಾಗುತ್ತಿರುವ ಒಂದು ಮಂಡಿಯ ಮೇಲೆ ಬೀಳುತ್ತದೆ. ತೊಡೆ ಉದ್ದವಾಗುತ್ತಲೇ ಆ ಭಾರವನ್ನು ತಡೆಯಬೇಕು. ಮಂಡಿಚಿಪ್ಪಿನ ಹಿಂದಿನ ಒತ್ತಡವೂ ಏರುತ್ತದೆ. ಆದುದರಿಂದ ಮೊದಲು ಕಣದ ಸಮನೆಲದಲ್ಲಿ ಕುಂಟದೆ ನಡೆಯಲು ಕಲಿಯಬೇಕು. ಮೆಟ್ಟಿಲಿನಲ್ಲಿ ಏರುವಾಗ ಒಳ್ಳೆಯ ಕಾಲನ್ನೂ ಇಳಿಯುವಾಗ ಶಸ್ತ್ರಕ್ರಿಯೆಯಾದ ಕಾಲನ್ನೂ ಮೊದಲು ಇಡಬೇಕು. ಬಲ ಬಂದಂತೆ ಏರುದಾರಿಯನ್ನು ಸೇರಿಸಿಕೊಂಡು, ಇಳಿಜಾರನ್ನು ದೊಣ್ಣೆಯ ಸಹಾಯದಿಂದ, ಒಣಗಿದ ದಾರಿಯಲ್ಲಿ ಮಾತ್ರ, ಕೊನೆಗೆ ಅಭ್ಯಾಸ ಮಾಡಬೇಕು. ಹೊರೆ ಹೊತ್ತು ಇಳಿಯುವುದು ಇದಕ್ಕೂ ಅನಂತರದ್ದು. ಜೂನಿನಲ್ಲಿ ಶಸ್ತ್ರಕ್ರಿಯೆಯಾದವನಿಗೆ ಅರೇಬಿಕಾ ಕುಯ್ಲು ಬರುವ ಡಿಸೆಂಬರಿಗೆ ಆರು ತಿಂಗಳು ತುಂಬುತ್ತದೆ. ತೊಡೆಯ ಬಲ ಒಪ್ಪುವಷ್ಟಿದ್ದರೆ ಸಾಲಿನಲ್ಲಿ ನಿಂತು ಹಣ್ಣು ಕುಯ್ಯಬಹುದು, ತುಂಬಿದ ಚೀಲವನ್ನು ತಲೆಯ ಮೇಲಿಟ್ಟು ತೂಕದ ಜಾಗಕ್ಕೆ ಸಾಗಿಸುವುದನ್ನು ಬೇರೊಬ್ಬರಿಗೆ ಬಿಡಬೇಕು. ಕುಯ್ಲಿನಲ್ಲಿ ಹೆಚ್ಚಿನವರು ಹೆಂಗಸರು. ಅವರಲ್ಲೊಬ್ಬಳ ಮಂಡಿಗೆ ಶಸ್ತ್ರಕ್ರಿಯೆಯಾಗಿದ್ದರೆ ತೋಟದ ಕೆಲಸಕ್ಕೆ ರಜೆ ದೊರೆತರೂ ಒಲೆಯ ಕೆಲಸಕ್ಕೆ, ನೀರಿನ ಕೊಡಕ್ಕೆ, ಪಾತ್ರೆ ಬಟ್ಟೆಗೆ ರಜೆಯಿಲ್ಲ. ಅವಳಿಗೆ ದಿನಕ್ಕೆ ಎರಡು ಸಲ ಅರ್ಧ ಗಂಟೆ ಚಾಪೆಯ ಮೇಲೆ ಕೂರುವ ಅವಕಾಶವನ್ನು ಮನೆಯ ಇತರರು ಒದಗಿಸದಿದ್ದರೆ, ಎಷ್ಟು ನಿಪುಣನಾದ ವೈದ್ಯನ ಕೈಚಳಕವೂ ಅರ್ಧಕ್ಕೇ ನಿಲ್ಲುತ್ತದೆ.

ಆಟಕ್ಕೆ ಮರಳುವ ಆತುರವಿರುವವರು ಬೆಂಗಳೂರಿನಲ್ಲಿ ನಡೆದ ಒಂದು ಪ್ರಸಿದ್ಧ ಪುನಶ್ಚೇತನವನ್ನು ಗಮನಿಸಬಹುದು. ಕ್ರಿಕೆಟಿಗ ರಿಷಭ್ ಪಂತ್ 2022ರ ಡಿಸೆಂಬರ್ 30ರಂದು ಕಾರು ಅಪಘಾತಕ್ಕೊಳಗಾಗಿ, ಬಲಮಂಡಿಯ ಲಿಗಮೆಂಟುಗಳು ಹರಿದು, 2023ರ ಜನವರಿಯಲ್ಲಿ ಮುಂಬಯಿಯಲ್ಲಿ ಶಸ್ತ್ರಕ್ರಿಯೆಗೆ ಒಳಗಾದರು. ಆಮೇಲೆ ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ ತಿಂಗಳುಗಟ್ಟಲೆ ಸಾಧನೆ ಮಾಡಿದರು. ದೇಶದ ಅತ್ಯುತ್ತಮ ತಜ್ಞರೂ ಉಪಕರಣಗಳೂ ಬಳಿಯಲ್ಲಿದ್ದು, ವ್ಯಾಯಾಮವೇ ದಿನದ ಉದ್ಯೋಗವಾಗಿದ್ದ ಆ ಯುವಕ ಮತ್ತೆ ಪಂದ್ಯವಾಡಿದ್ದು 2024ರ ಮಾರ್ಚ್ 23ರಂದು. ಅಂದರೆ ಶಸ್ತ್ರಕ್ರಿಯೆಯಾದ ಹದಿನಾಲ್ಕು ತಿಂಗಳಿಗೂ ಮೇಲೆ. ಅವರಿಗಾದ ಗಾಯ ಒಂದೇ ತಂತುವಿನದಲ್ಲ, ನಿಜ. ಆದರೂ ಐದನೆಯ ತಿಂಗಳಿಗೇ ನೆಟ್ಟಿನ ಬಳಿ ನೆಗೆಯುವ ನಮ್ಮ ವಾಲಿಬಾಲ್ ಹುಡುಗರು ಈ ಲೆಕ್ಕವನ್ನು ನೆನೆಯಬೇಕು. ನಾರ್ವೆಯ ಓಸ್ಲೋ ಮತ್ತು ಅಮೆರಿಕದ ಡೆಲಾವೇರ್ ಸಂಶೋಧಕರು 106 ಮಂದಿಯನ್ನು ಅನುಸರಿಸಿ 2016ರಲ್ಲಿ ಪ್ರಕಟಿಸಿದ ವರದಿಯಂತೆ, ಒಂಬತ್ತು ತಿಂಗಳವರೆಗೆ ಆಟವನ್ನು ಮುಂದೂಡಿದ ಪ್ರತಿಯೊಂದು ತಿಂಗಳಿಗೂ ಮಂಡಿಗೆ ಮತ್ತೆ ಪೆಟ್ಟಾಗುವ ಪ್ರಮಾಣ ಶೇ. 51ರಷ್ಟು ಇಳಿಯಿತು, ತೊಡೆಯ ಬಲ ಸಮನಾಗಿದ್ದವರಲ್ಲಿ ಅದು ಇನ್ನೂ ಕಡಿಮೆ. ಬಲಪರೀಕ್ಷೆಗಳಲ್ಲಿ ಉತ್ತೀರ್ಣರಾಗದೆಯೇ ಆಟಕ್ಕಿಳಿದವರಲ್ಲಿ ಶೇ. 38ರಷ್ಟು ಮಂದಿ ಮತ್ತೆ ಪೆಟ್ಟು ಮಾಡಿಕೊಂಡರೆ, ಉತ್ತೀರ್ಣರಾಗಿ ಇಳಿದವರಲ್ಲಿ ಸುಮಾರು ಶೇ. 6ರಷ್ಟು ಮಾತ್ರ.

ಆಟದ ಹಂಬಲವಿಲ್ಲದವರಿಗೆ ಇನ್ನೊಂದು ಮಾತನ್ನೂ ತಿಳಿಸುವುದು ಕರ್ತವ್ಯ. ಸ್ವೀಡನ್ನಿನಲ್ಲಿ 121 ಜನ ತರುಣರ ಮೇಲೆ ನಡೆಸಿ 2010ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಕ್ರಮಬದ್ಧ ವ್ಯಾಯಾಮವನ್ನೇ ಮೊದಲು ನೆಚ್ಚಿ ಬೇಕಾದಾಗ ಮಾತ್ರ ಶಸ್ತ್ರಕ್ರಿಯೆಗೆ ಹೋದ 59 ಮಂದಿಯಲ್ಲಿ, ಎರಡು ವರ್ಷಗಳ ಕೊನೆಗೆ 36 ಮಂದಿಗೆ ಶಸ್ತ್ರಕ್ರಿಯೆಯೇ ಬೇಕಾಗಿರಲಿಲ್ಲ. ಅವರ ಗುಂಪಿನ ಸ್ಥಿತಿ ಬೇಗನೆ ಶಸ್ತ್ರಕ್ರಿಯೆ ಮಾಡಿಸಿಕೊಂಡ ಗುಂಪಿಗಿಂತ ಕೀಳಾಗಿಯೂ ಇರಲಿಲ್ಲ. ಐದನೆಯ ವರ್ಷದ ಹೊತ್ತಿಗೆ ಆ ಗುಂಪಿನ ಅರ್ಧದಷ್ಟು ಮಂದಿ ಶಸ್ತ್ರಕ್ರಿಯೆಗೆ ಒಳಗಾಗಿದ್ದರೆಂಬುದನ್ನೂ ಮರೆಮಾಚಬಾರದು. ಮಂಡಿ ಪದೇ ಪದೇ ಕುಸಿಯುವವನಿಗೆ, ಇಳಿಜಾರಿನಲ್ಲಿಯೇ ಜೀವನ ಸಾಗಿಸಬೇಕಾದವನಿಗೆ ಶಸ್ತ್ರಕ್ರಿಯೆಯ ಆವಶ್ಯಕತೆ ಹೆಚ್ಚಿರಬಹುದು. ಆದರೆ ಯಾವ ದಾರಿ ಹಿಡಿದರೂ ತೊಡೆಯ ವ್ಯಾಯಾಮ ತಪ್ಪಿದ್ದಲ್ಲ, ಶಸ್ತ್ರಕ್ರಿಯೆಗೆ ಮೊದಲೇ ತೊಡೆಯನ್ನು ಬಲಪಡಿಸಿಕೊಂಡು ಹೋದವನ ಚೇತರಿಕೆ ಉತ್ತಮವಾಗಿರುತ್ತದೆ.

ಒಂಬತ್ತನೆಯ ತಿಂಗಳು, ನಾವು ಹಿಡಿದ ಲೆಕ್ಕದಲ್ಲಿ, ಮಾರ್ಚಿಗೆ ಬರುತ್ತದೆ. ಅದು ಮೆಣಸಿನ ಕುಯ್ಲಿನ ಕಾಲ. ಮರಕ್ಕೆ ಒರಗಿಸಿದ ಬಿದಿರಿನ ಏಣಿಯ ಮೇಲೆ, ಒಂದು ಕಾಲನ್ನು ಮೆಟ್ಟಿನಲ್ಲಿ ಸಿಕ್ಕಿಸಿ, ಮೈಯನ್ನು ಹೊರಳಿಸಿ ಕೈ ಚಾಚಿ ಬಳ್ಳಿಯಿಂದ ಗೊಂಚಲು ಕೀಳುವ ಈ ಕೆಲಸ, ಮಂಡಿಯ ಮಟ್ಟಿಗೆ ಯಾವ ಪಂದ್ಯಕ್ಕೂ ಕಡಿಮೆಯದಲ್ಲ; ಬಿದ್ದರೆ ಪೆಟ್ಟಾಗುವುದು ಮಂಡಿಗೆ ಮಾತ್ರವೂ ಅಲ್ಲ. ಆದುದರಿಂದ ಆಟಗಾರನಿಗೆ ವಿಧಿಸುವ ಪರೀಕ್ಷೆಗಳನ್ನೇ ಏಣಿಯೇರುವವನಿಗೂ ವಿಧಿಸಬೇಕು. ಕೈಯೂರದೆ ಒಂಟಿಕಾಲಿನಲ್ಲಿ ಕುರ್ಚಿಯಿಂದ ಎಷ್ಟು ಸಲ ಎದ್ದು ಕೂರಬಲ್ಲನೆಂಬುದನ್ನು ಎರಡೂ ಕಾಲುಗಳಲ್ಲಿ ಎಣಿಸಬೇಕು. ಜಗಲಿಯ ಮೆಟ್ಟಿಲಿನಿಂದ ಒಂಟಿಕಾಲಿನ ಮೇಲೆ ನಿಧಾನವಾಗಿ ಇನ್ನೊಂದು ಹಿಮ್ಮಡಿಯನ್ನು ನೆಲಕ್ಕೆ ತಾಗಿಸುವಾಗ ಮಂಡಿ ಒಳಕ್ಕೆ ವಾಲುವುದೇ ಎಂಬುದನ್ನು ಎದುರಿನಿಂದ ಮತ್ತೊಬ್ಬರು ನೋಡಬೇಕು. ಫಿಜಿಯೋ ಒಪ್ಪಿದ ಮೇಲೆ, ಕಣದಲ್ಲಿ ಗೆರೆಯೆಳೆದು ಒಂಟಿಕಾಲಿನಲ್ಲಿ ಜಿಗಿದ ದೂರವನ್ನು ಟೇಪಿನಿಂದ ಅಳೆಯಬೇಕು. ಶಸ್ತ್ರಕ್ರಿಯೆಯಾದ ಕಾಲಿನ ಅಳತೆ ಒಳ್ಳೆಯ ಕಾಲಿನ ಅಳತೆಯ ಶೇ. 90ನ್ನು ಮುಟ್ಟಬೇಕು, ಮರುದಿನ ಬೆಳಿಗ್ಗೆ ಮಂಡಿ ಊದಿರಬಾರದು. ಇಷ್ಟೂ ಆದವನು ಏಣಿಯ ಕೆಳಗಿನ ಮೆಟ್ಟುಗಳಿಂದ ಆರಂಭಿಸಬಹುದು. ಆಗದವನನ್ನು ಆ ವರ್ಷ ಕಣದಲ್ಲಿ ಮೆಣಸು ಬಿಡಿಸಿ ಒಣಗಿಸುವ ಕೆಲಸಕ್ಕೆ ಹಾಕಿಕೊಳ್ಳುವಂತೆ ತೋಟದ ರೈಟರಿಗೂ ಮಾಲೀಕರಿಗೂ ಮೊದಲೇ ತಿಳಿಸಿಟ್ಟು, ಅವನು ಮರಳು ಚೀಲದ ಭಾರವನ್ನು ಇನ್ನೂ ಅರ್ಧ ಕಿಲೋ ಏರಿಸಿ ವ್ಯಾಯಾಮವನ್ನು ಮುಂದುವರಿಸತಕ್ಕದ್ದು.